ಏಳು ಜನ, ಹದಿನೇಳು ಪುಟಾಣಿ ತಟ್ಟೆ, ಒಂದು ಬಿಯರ್ ಮ್ಯಾಟು: ಸ್ಟುಟ್‌ಗಾರ್ಟ್‌ನ ಒಂದು ಊಟದ ಪ್ರಕರಣ

ಮೊದ್ಲೇ ಹೇಳ್ಬಿಡ್ತೀನಿ, ಇದ್ರಲ್ಲಿ ಬರೋ ಯಾರ ಹೆಸರೂ ಹಾಕಿಲ್ಲ, ರೆಸ್ಟೋರೆಂಟ್ ಹೆಸರೂ ಇಲ್ಲ, ಯಾವ ಬೀದಿ ಅಂತನೂ ಹೇಳಲ್ಲ. ಸ್ಟುಟ್‌ಗಾರ್ಟ್ ಅನ್ನೋದನ್ನ ಮಾತ್ರ ಹಾಗೇ ಬಿಟ್ಟಿದೀನಿ, ಯಾಕಂದ್ರೆ ಊಟ ಆ ಸೀಮೇದು, ಊರು ಬದಲಾಯಿಸಿದ್ರೆ ಕಥೆನೇ ಕೆಟ್ಟೋಗತ್ತೆ. ಆ ಟೇಬಲ್‌ನಲ್ಲಿ ಕೂತಿದ್ದ ಏಳು ಜನದಲ್ಲಿ ನಾನೂ ಒಬ್ಬ. ಆ ಜಾಗ ಹುಡುಕಿದ್ದೂ ನಾನೇ, ಹಾಗಾಗಿ ಆದ ತಪ್ಪುಗಳಲ್ಲಿ ನನ್ನ ಪಾಲು ಸ್ವಲ್ಪ ಜಾಸ್ತಿನೇ.

ಯಾರು, ಯಾಕೆ

ನನ್ನ ಸ್ನೇಹಿತ, ಅವ್ನ ಹೆಂಡ್ತಿ ಇಬ್ರೂ ಮೈಸೂರು ಕಡೆಯೋರು, ಇಬ್ರೂ ಇಂಜಿನಿಯರ್ಸ್, ಸ್ಟುಟ್‌ಗಾರ್ಟ್‌ಗೆ ಬಂದು ಆರು ವರ್ಷ. ಬೆಂಗಳೂರಿಂದ ಸ್ಟುಟ್‌ಗಾರ್ಟ್‌ಗೆ ಬರೋದು ನಮ್ಮೋರಿಗೆ ಹೊಸದೇನಲ್ಲ, 1951ರಲ್ಲಿ ಸ್ಟುಟ್‌ಗಾರ್ಟ್ ಮೂಲದ ಬಾಷ್ ಕಂಪನಿ ನಂಟಿನ ಮೈಕೋ ಶುರುವಾದ ಕಾಲದಿಂದ ಇರೋ ಸಂಬಂಧ, ಆಡುಗೋಡಿ ಕಡೆ ಇವತ್ತಿಗೂ ಎಷ್ಟೋ ಜನ ಬಾಷ್ ಅನ್ನಲ್ಲ, ಮೈಕೋ ಅಂತಲೇ ಅನ್ನೋದು. ಇವ್ರ ಮನೆ ಎದುರು ಬಾಗಿಲಲ್ಲಿ ಎಪ್ಪತ್ತು ದಾಟಿದ ಜರ್ಮನ್ ಗಂಡ ಹೆಂಡ್ತಿ. ಹುಟ್ಟಿದ್ದು ಬೆಳೆದಿದ್ದು ಎಲ್ಲ ಅಲ್ಲೇ, ಅಪ್ಪಟ ಶ್ವಾಬಿಯದೋರು (ಸ್ಟುಟ್‌ಗಾರ್ಟ್ ಸುತ್ತಮುತ್ತಲ ಸೀಮೆಗೆ ಶ್ವಾಬಿಯ ಅಂತಾರೆ). ಮೆಟ್ಟಿಲು ತೊಳಿಯೋ ಸರದಿ ಅಂದ್ರೆ ಏನು, ಕಸ ಯಾವ ಡಬ್ಬಿಗೆ ಹಾಕ್ಬೇಕು ಅಂತ ಹೇಳ್ಕೊಟ್ಟಿದ್ದು ಅವ್ರು. ಇವ್ರು ರಜಕ್ಕೆ ಊರಿಗೆ ಬಂದಾಗ ಕರಿಬೇವಿನ ಗಿಡಕ್ಕೆ ನೀರು ಹಾಕಿ ಮೂರು ಚಳಿಗಾಲ ಉಳಿಸಿದ್ದೂ ಅವ್ರೇ. ಕರಿಬೇವಿನ ಗಿಡನ ಅಲ್ಲಿ ಉಳಿಸೋದು ಎಷ್ಟು ಕಷ್ಟ ಅಂತ ಗೊತ್ತಿರೋರಿಗೆ ಈ ಋಣ ಎಂಥದು ಅಂತ ಅರ್ಥ ಆಗತ್ತೆ.

2024ರ ಸೆಪ್ಟೆಂಬರ್‌ನಲ್ಲಿ ಸ್ನೇಹಿತನ ಅಪ್ಪ ಅಮ್ಮ ಮೂರು ತಿಂಗಳಿಗೆ ಅಂತ ಬಂದ್ರು. ಅವ್ರಿಗೆ ಒಂದೇ ಹಠ, ನಾವು ವಾಪಸ್ ಹೋಗೋದ್ರೊಳಗೆ ಆ ಎದುರು ಮನೆಯೋರಿಗೆ ಒಂದು ಊಟ ಹಾಕ್ಸಬೇಕು ಅಂತ. ಮನೇಲೇ ಮಾಡೋಣ ಅಂದ್ರೆ ಅದನ್ನ ಎರಡು ವರ್ಷದ ಹಿಂದೆ ಮಾಡಿ ಆಗಿತ್ತು. ಎದುರು ಮನೆ ಆಯಮ್ಮ ಎಲ್ಲ ರುಚಿ ನೋಡಿದ್ರು, ಯಜಮಾನ್ರು ಮಾತ್ರ ಮೊದಲ್ನೇ ತುತ್ತಿಗೇ ಮೂಗಲ್ಲಿ ನೀರು ಬಂದು, ಕೊನೆಗೆ ಮೊಸರನ್ನ ತಿಂದು ಎದ್ದಿದ್ರು.

ತೊಡಕು

ಒಂದೇ ಟೇಬಲ್‌ಗೆ ಇಬ್ರನ್ನ ಕೂರಿಸ್ಬೇಕು. ಒಬ್ರು ನಮ್ಮ ಅಮ್ಮ, ಮಾಂಸ ಮೀನು ಬಿಡಿ, ಮೊಟ್ಟೆ ಹಾಕಿದ ಕೇಕೂ ಮುಟ್ಟಲ್ಲ. (ಸ್ನೇಹಿತನ ಅಮ್ಮ, ನಾನೂ ಅಮ್ಮ ಅಂತಲೇ ಕರಿಯೋದು. ಅವ್ರ ಯಜಮಾನ್ರದ್ದು ಬೇರೆ ಪಾಲಿಸಿ, ಮೊಟ್ಟೆ ಕಣ್ಣಿಗೆ ಕಾಣದ ಹಾಗಿದ್ರೆ ಅದು ಮೊಟ್ಟೆ ಅಲ್ಲ.) ಇನ್ನೊಬ್ರು ಎದುರು ಮನೆ ಯಜಮಾನ್ರು, ಅವ್ರ ಊಟ ಅಂದ್ರೆ ಅವ್ರ ಸೀಮೆ ಊಟನೇ ಆಗ್ಬೇಕು. ಪಿಜ್ಜಾ ಕೂಡ ಅವ್ರ ಲೆಕ್ಕದಲ್ಲಿ ತಿಂಡಿ.

ಹಳೇ ಥರದ ಊರ ಹೋಟೆಲ್ ಮೆನು ನೋಡಿದ್ವಿ. ಈರುಳ್ಳಿ ಹಾಕಿದ ಗೋಮಾಂಸದ ರೋಸ್ಟ್, ಹುಳಿ ಹಾಕಿದ ಬೋಟಿ, ಮಾಂಸ ಆಲೂಗಡ್ಡೆ ಎಲ್ಲ ಸೇರಿಸಿದ ಗೈಸ್‌ಬುರ್ಗರ್ ಮಾರ್ಷ್ ಅನ್ನೋ ಗಟ್ಟಿ ಸೂಪು. ವೆಜ್ ಅಂತ ಇರೋದು ಒಂದೇ, ಕೇಸೆಷ್ಪೆಟ್ಸ್‌ಲೆ, ಅಂದ್ರೆ ಚೀಸ್ ಹಾಕಿದ ಷ್ಪೆಟ್ಸ್‌ಲೆ (ಹಿಟ್ಟಿಂದ ಮಾಡೋ ಗಿಡ್ಡ ನೂಡಲ್ಸ್ ಥರದ್ದು), ಆ ಹಿಟ್ಟಿಗೆ ಮೊಟ್ಟೆ ಧಾರಾಳವಾಗಿ ಬೀಳತ್ತೆ. ಆಮೇಲೆ ಬೇಸೆನ್‌ಗೆ ಹೋಗೋಣ ಅಂದ್ಕೊಂಡ್ವಿ. ದ್ರಾಕ್ಷಿ ಬೆಳೆಯೋರು ತಮ್ಮ ವೈನ್‌ನ ತಮ್ಮಲ್ಲೇ ಮಾರೋಕೆ ಬಾಗಿಲಿಗೆ ಪೊರಕೆ ಸಿಗಿಸಿ ತೆರೆಯೋ ಜಾಗ ಅದು, ಆಗ ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ ತೆರೆಯೋ ಹಾಗಿತ್ತು, ನಲವತ್ತು ಸೀಟಿಗಿಂತ ಜಾಸ್ತಿ ಹಾಕೋ ಹಾಗಿರ್ಲಿಲ್ಲ. ನಮಗೆ ಬೇಕಾಗಿದ್ದ ವಾರ ಗೊತ್ತಿದ್ದ ಬೇಸೆನ್‌ನಲ್ಲಿ ಪೊರಕೆ ಇಳಿಸಿಬಿಟ್ಟಿದ್ರು.

ಅಷ್ಟರಲ್ಲಿ ಒಂದಿನ ಆಫೀಸ್ ಮುಗಿಸಿ ಟ್ರಾಮ್ ತಪ್ಪಿಸ್ಕೊಂಡು ನಡ್ಕೊಂಡ್ ಬರ್ತಿದ್ದಾಗ ಒಂದು ಕಿಟಕಿ ಮುಂದೆ ಕಪ್ಪು ಹಲಗೆ ಕಾಣಿಸ್ತು, ಸೀಮೆಸುಣ್ಣದಲ್ಲಿ "ಶ್ವೇಬಿಷೆ ಟಾಪಾಸ್" ಅಂತ ಬರೆದಿದ್ರು, ಅಂದ್ರೆ ಶ್ವಾಬಿಯದ ಊಟ, ಸ್ಪೇನ್ ಥರ ಪುಟಾಣಿ ತಟ್ಟೆಗಳಲ್ಲಿ. ಒಳಗೆ ಬೋಳು ಬಲ್ಬು, ಗಾರೆ ಕಿತ್ತ ಇಟ್ಟಿಗೆ ಗೋಡೆ, ಒಬ್ರ ಕುರ್ಚಿ ಇನ್ನೊಬ್ರ ಕುರ್ಚಿ ಥರ ಇಲ್ಲ, ಮೂವತ್ತು ವರ್ಷದೊಳಗಿನ ಜನ ತುಂಬಿತ್ತು. ಇಂಥ ಜಾಗ ಕಂಡ್ರೆ ಸಾಮಾನ್ಯವಾಗಿ ನನಗೆ ಅಲರ್ಜಿ. ಆದ್ರೆ ಹಲಗೆ ಮೇಲೆ ಇದ್ದಿದ್ದೆಲ್ಲ ಅಜ್ಜಿ ಕಾಲದ ಊಟ, ಬರೀ ತಟ್ಟೆ ಮಾತ್ರ ಚಿಕ್ಕದು. ಒಂದು ಮೌಲ್‌ಟಾಷೆ (ಮಾಂಸ ತುಂಬಿದ ಕಡುಬಿನ ಥರದ್ದು), ಅರ್ಧ ಹಿಡಿ ಬೇಳೆ, ಕೋಸಿನ ಒಂದು ಹೋಳು. ಆ ಯಜಮಾನ್ರಿಗೆ ಅವ್ರ ಊಟ, ಅಮ್ಮನಿಗೆ ಬೇಕಾದ್ದು ಮಾತ್ರ ಆರಿಸ್ಕೊಳ್ಳೋ ಅವಕಾಶ, ಎರಡೂ ಒಂದೇ ಏಟಿಗೆ ಸಿಗತ್ತಲ್ಲ ಅನ್ನಿಸ್ತು. ರಾತ್ರಿನೇ ಫೋನ್ ಮಾಡಿ ಹೇಳ್ದೆ, ಜಾಗ ಸಿಕ್ತು ಕಣೋ ಅಂತ.

ಏನೇನು ಮಾಡಿದ್ವಿ

ಏಳು ಜನಕ್ಕೆ ಟೇಬಲ್ ಸಿಕ್ಕಿದ್ದು ಸಂಜೆ ಆರರಿಂದ ಎಂಟು, ಎಂಟಕ್ಕೆ ಬೇರೆಯೋರು ಬರ್ತಾರೆ ಅಂತ ಮೊದ್ಲೇ ಹೇಳಿದ್ರು. ಬುಕ್ ಮಾಡುವಾಗ ನಾನು ವೆಜ್ ಬಗ್ಗೆ ಕೇಳ್ದೆ, ಮೊಟ್ಟೆ ಬಗ್ಗೆನೂ ಕೇಳ್ದೆ. ಫೋನ್ ಎತ್ತಿದ ಹುಡುಗ ಸಮಾಧಾನವಾಗಿ ಒಂದೊಂದೇ ಹೇಳ್ದ. ಬೇಳೆ ತರಕಾರಿ ಸಾರಲ್ಲೇ ಬೇಯಿಸೋದು, ಸಾಸೇಜ್ ಬೇರೆ ತಟ್ಟೇಲಿ ಬರತ್ತೆ. ಬೆಣ್ಣೇಲಿ ಸುಟ್ಟ ಕೋಸು ಇದೆ. ಲುಗ್ಗೆಲೆಸ್‌ಕೇಸ್ ಇದೆ (ಹೆಸರಿಗೆ ಹೆದರ್ಬೇಡಿ, ಗಟ್ಟಿ ಮೊಸರಿನ ಥರದ ಕ್ವಾರ್ಕ್‌ಗೆ ಸಣ್ಣಗೆ ಹೆಚ್ಚಿದ ಸೊಪ್ಪು ಹಾಕಿರ್ತಾರೆ ಅಷ್ಟೇ), ಜೊತೆಗೆ ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆ. ಆಲೂಗಡ್ಡೆ ಸಲಾಡ್‌ನಲ್ಲಿ ಮಾಂಸ ಇದೆಯಾ ಅಂದೆ. ಇಲ್ಲ, ಅದು ಬರೀ ಆಲೂಗಡ್ಡೆ ಅಂದ. ನಾನು ಟಿಕ್ ಹಾಕ್ಕೊಂಡೆ. ಈ ಟಿಕ್ ನೆನಪಿಟ್ಕೊಳ್ಳಿ.

ಎದುರು ಮನೆಯೋರನ್ನ ಕರೆದಿದ್ದು ನನ್ನ ಸ್ನೇಹಿತ, ಮೆಟ್ಟಿಲ ಮೇಲೆ ಸಿಕ್ಕಾಗ. "ಅಪ್ಪ ಅಮ್ಮ ಬಂದಿದಾರೆ, ಶನಿವಾರ ಎಲ್ಲ ಒಟ್ಟಿಗೆ ಊಟಕ್ಕೆ ಹೋಗೋಣ್ವಾ" ಅಂದಿದ್ದ. ಅವ್ರು ಖುಷಿಯಾಗಿ ಹೂಂ ಅಂದ್ರು. ಈ ವಾಕ್ಯನೂ ನೆನಪಿಟ್ಕೊಳ್ಳಿ, ಇಡೀ ಪ್ರಕರಣದ ಗಂಟು ಇಲ್ಲೇ ಬಿದ್ದಿದ್ದು, ಅದು ಗೊತ್ತಾಗಿದ್ದು ಮಾತ್ರ ಬಿಲ್ ಬಂದ್ಮೇಲೆ.

ಟೇಬಲ್‌ನಲ್ಲಿ ಆಗಿದ್ದು

ಮೊದಲ ಇಪ್ಪತ್ತು ನಿಮಿಷ ಪೂರ್ತಿ ಕೆಟ್ಟೋಯ್ತು. ಅಡುಗೆಮನೆಯಿಂದ ತಟ್ಟೆಗಳು ಯಾವ್ದು ರೆಡಿ ಆದ್ರೆ ಅದು ಬರತ್ತೆ, ಅವ್ರ ಪದ್ಧತಿ ಅದು. ಮೊದ್ಲು ಬಂದಿದ್ದು ಎರಡೇ, ಒಂದು ಮೌಲ್‌ಟಾಷೆ, ಒಂದು ಸುಟ್ಟ ಕೋಸು. ಎದುರು ಮನೆ ಯಜಮಾನ್ರು ಮೌಲ್‌ಟಾಷೆನ ತಮ್ಮ ಮುಂದಕ್ಕೆ ಎಳ್ಕೊಂಡು ಕೈ ಎರಡೂ ಟೇಬಲ್ ಅಂಚಿಗೆ ಇಟ್ಟು ಕೂತ್ರು. ನಮ್ಮ ಸ್ನೇಹಿತನ ಅಪ್ಪನೂ ಎದುರುಗಡೆ ಕೈ ತೊಡೆ ಮೇಲೆ ಇಟ್ಕೊಂಡು ಹಾಗೇ ಕೂತ್ರು. ಇಬ್ರೂ ಒಬ್ರ ಮುಖ ಒಬ್ರು ನೋಡ್ಕೊಂಡು ನಗ್ತಾ ಇದಾರೆ, ಯಾರೂ ಮುಟ್ತಿಲ್ಲ. ಅವ್ರ ಪ್ರಕಾರ ಎಲ್ರ ಮುಂದೆ ತಟ್ಟೆ ಬಂದು "ಗೂಟೆನ್ ಅಪೆಟೀಟ್" (ಚೆನ್ನಾಗಿ ಊಟ ಮಾಡಿ) ಅಂದ್ಮೇಲೆ ಶುರು ಮಾಡ್ಬೇಕು. ಇವ್ರ ಪ್ರಕಾರ ಪಂಕ್ತೀಲಿ ಕೊನೆ ಎಲೆಗೆ ಬಡಿಸೋವರೆಗೂ ಕೈ ಹಾಕ್ಬಾರ್ದು. ಮೌಲ್‌ಟಾಷೆ ಮೇಲೆ ಹುರಿದ ಈರುಳ್ಳಿ ಬೆಣ್ಣೆ ಮಿರಿಮಿರಿ ಅಂತಿದ್ದಿದ್ದು ನೋಡ್ತಾ ನೋಡ್ತಾ ಬೆಳ್ಳಗೆ ಹೆಪ್ಪುಗಟ್ತು.

ಆ ಗ್ಯಾಪಲ್ಲಿ ಆಯಮ್ಮ ಮೌಲ್‌ಟಾಷೆ ಕಥೆ ಹೇಳಿದ್ರು. ಹಿಟ್ಟಿನ ಹಾಳೆ ಒಳಗೆ ಮಾಂಸ, ಪಾಲಕ್, ಬ್ರೆಡ್ ಪುಡಿ ಇಟ್ಟು ಮಡಚೋದು, ನಮ್ಮ ಕಡುಬಿನ ದೂರದ ನೆಂಟ. ಮೌಲ್‌ಬ್ರಾನ್ ಮಠದ ಸನ್ಯಾಸಿಗಳು ಉಪವಾಸದ ದಿನ ಮಾಂಸ ತಿನ್ನೋಕೆ ದೇವರಿಗೆ ಕಾಣದ ಹಾಗೆ ಹಿಟ್ಟಲ್ಲಿ ಮುಚ್ಚಿಟ್ರು ಅಂತ ಪ್ರತೀತಿ, ಅದಕ್ಕೆ ಅಲ್ಲಿ ಅದಕ್ಕಿರೋ ಅಡ್ಡಹೆಸರಿನ ಅರ್ಥ ಹೆಚ್ಚುಕಮ್ಮಿ "ದೇವರಿಗೇ ಟೋಪಿ ಹಾಕೋ ಪುಟಾಣಿ" ಅಂತ. 2009ರಿಂದ ಅದಕ್ಕೆ ಯುರೋಪಿನ ಭೌಗೋಳಿಕ ಮಾನ್ಯತೆ ಬೇರೆ ಇದೆ, ನಮ್ಮ ಮೈಸೂರು ಮಲ್ಲಿಗೆಗೆ ಇರೋ ಥರ. ಸ್ನೇಹಿತ ಇದನ್ನ ಅನುವಾದ ಮಾಡಿ ಹೇಳಿದ್ದಕ್ಕೆ ಅವ್ರಪ್ಪ ಜೋರಾಗಿ ನಕ್ಕು, "ಕಣ್ಣಿಗೆ ಕಾಣದಿದ್ರೆ ಇಲ್ಲ ಅಂತ ನಾನೂ ಅದೇ ಹೇಳೋದು" ಅಂದ್ರು.

ಆಮೇಲೆ ಒಂದಾದ್ಮೇಲೊಂದು ತಟ್ಟೆ ಬಂತು. ಅಮ್ಮ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದ್ರು, "ಏನೋ ಇದು, ಎಲ್ರ ಮುಳ್ಳು ಚಮಚನೂ ಒಂದೇ ತಟ್ಟೆಗಾ? ಎಂಜಲಲ್ವೇನೋ?" ಅದೇ ಹೊತ್ತಿಗೆ ಎದುರು ಮನೆ ಯಜಮಾನ್ರು ಹೆಂಡ್ತಿ ಕಿವೀಲಿ ಏನೋ ಅಂದ್ರು, ನನ್ನ ಜರ್ಮನ್‌ಗೆ ಸಿಕ್ಕಿದ್ದಿಷ್ಟು: ನನ್ನ ತಟ್ಟೆ ಯಾವ್ದು? ಏಳು ಸಾವಿರ ಚಿಲ್ಲರೆ ಕಿಲೋಮೀಟರ್ ದೂರದ ಇಬ್ರು ಹಿರೀಕರು ಒಂದೇ ವಿಷಯಕ್ಕೆ ಮುಜುಗರ ಪಡ್ತಾ ಇದಾರೆ, ಮಧ್ಯದಲ್ಲಿ ನಾವು ಮೂರು ಜನ ಟ್ರೆಂಡಿ ಮಕ್ಕಳು ಶೇರಿಂಗ್ ಶೇರಿಂಗ್ ಅಂತ ಖುಷಿಯಾಗಿ ಕೈ ಹಾಕ್ತಾ ಇದೀವಿ.

ಆಲೂಗಡ್ಡೆ ಸಲಾಡ್ ಬಂದಿದ್ದು ಆಗ. ಅಮ್ಮನಿಗೆ ಸೇಫ್ ಅಂತ ನಾನೇ ಅವ್ರ ಮುಂದೆ ಸರಿಸ್ದೆ. ಅವ್ರು ಒಂದು ಹೋಳು ಚುಚ್ಚಿ ಎತ್ತಿದ್ರು. ಎದುರು ಕೂತಿದ್ದ ಆಯಮ್ಮ ತಟಕ್ಕನೆ ಕೈ ಚಾಚಿ ಅಮ್ಮನ ಮಣಿಕಟ್ಟು ಹಿಡ್ಕೊಂಡ್ರು! "ಬ್ರೂಯೆ! ಬ್ರೂಯೆ!" ಅಂದ್ರು. ಟೇಬಲ್ ಎಲ್ಲ ಸ್ತಬ್ಧ. ವಿಷಯ ಏನಂದ್ರೆ, ಶ್ವಾಬಿಯದ ಆಲೂಗಡ್ಡೆ ಸಲಾಡ್‌ಗೆ ಮಯೋನೀಸ್ ಹಾಕಲ್ಲ, ಬಿಸಿ ಆಲೂಗಡ್ಡೆ ಮೇಲೆ ಮಾಂಸದ ಸಾರು ಸುರೀತಾರೆ, ಅದಕ್ಕೇ ಅದು ಅಷ್ಟು ಮೆತ್ತಗೆ ಜಾರೋ ಹಾಗಿರೋದು. ಬಡಿಸೋ ಹುಡುಗಿ ಒಳಗೆ ಹೋಗಿ ಕೇಳ್ಕೊಂಡು ಬಂದ್ಲು. ಹೌದು, ಗೋಮಾಂಸದ ಸಾರೇ.

ಫೋನಲ್ಲಿ ಮಾತಾಡಿದ ಹುಡುಗ ಸುಳ್ಳು ಹೇಳಿರ್ಲಿಲ್ಲ. ನಾನು ಮಾಂಸ ಇದೆಯಾ ಅಂತ ಕೇಳಿದ್ದೆ, ಮಾಂಸದ ತುಂಡು ಇರ್ಲಿಲ್ಲ. ಮೆನುವಲ್ಲಿ ಪ್ರತಿ ಐಟಂ ಪಕ್ಕ ಚಿಕ್ಕ ಅಕ್ಷರಗಳು ಇದ್ವು, ಅಲರ್ಜಿ ಕೋಡು. ಯುರೋಪಿನ ರೂಲ್ಸ್ ಪ್ರಕಾರ ಹದಿನಾಲ್ಕು ವಸ್ತುಗಳನ್ನ ತಿಳಿಸಲೇಬೇಕು, ಮೊಟ್ಟೆ, ಹಾಲು, ಗೋಧಿ, ಸಾಸಿವೆ, ಸೆಲರಿ ಎಲ್ಲ ಅದ್ರಲ್ಲಿ ಬರತ್ತೆ. ಹಾಗಾಗಿ ಮೊಟ್ಟೆ ಇದೆಯಾ ಇಲ್ವಾ ಅಂತ ಆ ಕೋಡಿಂದ ಗೊತ್ತಾಗತ್ತೆ, ಆದ್ರೆ ದನದ ಮಾಂಸ ಹಂದಿ ಮಾಂಸ ಆ ಹದಿನಾಲ್ಕರಲ್ಲಿ ಇಲ್ಲವೇ ಇಲ್ಲ, ಯಾಕಂದ್ರೆ ಆ ಪಟ್ಟಿ ಇರೋದು ಅಲರ್ಜಿ ಇರೋರಿಗೆ, ಆಚಾರ ಇರೋರಿಗಲ್ಲ. ಈಗ ನಾನು ಯಾರಿಗಾದ್ರೂ ಬುಕ್ ಮಾಡಿದ್ರೆ ವೆಜ್ಜಾ ಅಂತ ಕೇಳೋದು ಆಮೇಲೆ, ಮೊದ್ಲು ಕೇಳೋದು ಸಾರು ಯಾವ್ದ್ರದ್ದು, ಜಿಡ್ಡು ಯಾವ್ದ್ರದ್ದು ಅಂತ. ಬೇಳೆಗೂ ಹಾಗೇನೇ, ಸಾಂಪ್ರದಾಯಿಕವಾಗಿ ಅದಕ್ಕೆ ಹೊಗೆ ಹಾಕಿದ ಹಂದಿಮಾಂಸದ ತುಂಡು ಬೀಳತ್ತೆ, ಈ ಹೋಟೆಲ್‌ನಲ್ಲಿ ಹಾಕ್ತಿರ್ಲಿಲ್ಲ ಅಷ್ಟೇ.

ನನಗೆ ಆ ಕ್ಷಣ ಎದ್ದು ಹೋಗ್ಬಿಡೋಣ ಅನ್ನಿಸಿತ್ತು. ಸ್ನೇಹಿತನ ಮುಖನೂ ಹಾಗೇ ಇತ್ತು, ಬಿಲ್ ಕೊಟ್ಟು ಮನೆಗೆ ಹೋಗಿ ಅನ್ನ ಸಾರು ಮಾಡೋಣ ಅಂತ ಕನ್ನಡದಲ್ಲಿ ಅಂದೂ ಬಿಟ್ಟ. ಸೊಸೆ ಬೇಡ ಅಂದ್ಲು. ಬಡಿಸೋ ಹುಡುಗೀನ ಕರೆದು ಆರು ದೊಡ್ಡ ಚಮಚ, ಎಲ್ರಿಗೂ ಹೊಸ ಖಾಲಿ ತಟ್ಟೆ ಕೇಳಿದ್ಲು. ಸಲಾಡ್ ಮತ್ತೆ ಮಾಂಸದ ತಟ್ಟೆಗಳನ್ನೆಲ್ಲ ಟೇಬಲ್‌ನ ಒಂದು ತುದಿಗೆ ದೂಡಿ, ಅಮ್ಮನ ತುದೀಲಿ ಬೇಳೆ, ಕೋಸು, ಕ್ವಾರ್ಕು, ಬೀಟ್‌ರೂಟ್ ಇಟ್ಲು. ಮತ್ತೆ ಎದ್ದು ನಿಂತು, ಸೀದಾ ನಿಂತ್ಕೊಂಡು, ಬಡಿಸೋಕೆ ಶುರು ಮಾಡಿದ್ಲು. ಆ ಟ್ರೆಂಡಿ ಜಾಗದಲ್ಲಿ, ಬೋಳು ಬಲ್ಬಿನ ಕೆಳಗೆ, ಮದುವೆ ಮನೇಲಿ ಬಡಿಸೋ ಹಾಗೆ. ಪ್ರತಿ ತಟ್ಟೆಗೂ ಸ್ವಲ್ಪ ಸ್ವಲ್ಪ, ಒಂದಕ್ಕೊಂದು ತಾಗದ ಹಾಗೆ. ಮೊದ್ಲು ಹಿರಿಯರಿಗೆ. ಎಲ್ಲ ಬಡಿಸಿ ಮುಗಿದ್ಮೇಲೆ ಎದುರು ಮನೆ ಯಜಮಾನ್ರು ಟೇಬಲ್ ಸುತ್ತ ಒಂದ್ಸಲ ನೋಡಿ, ಎಲ್ರ ತಟ್ಟೇಲೂ ಇದೆ ಅಂತ ಖಾತ್ರಿ ಮಾಡ್ಕೊಂಡು, ಕೊನೆಗೂ "ಗೂಟೆನ್ ಅಪೆಟೀಟ್" ಅಂದ್ರು.

ಸ್ಮಾಲ್ ಪ್ಲೇಟ್ಸ್ ಅಂದ್ರೆ ಎಲ್ರೂ ಎಲ್ಲಕ್ಕೂ ಕೈ ಹಾಕೋದು ಅಂತ ನಾವು ಅಂದ್ಕೊಂಡಿದ್ವಿ. ಆದ್ರೆ ಎಲ್ಲ ಬಗೆಯೂ ಸ್ವಲ್ಪ ಸ್ವಲ್ಪ ಅನ್ನೋದು ನಮಗೆ ಗೊತ್ತಿಲ್ಲದ ವಿದ್ಯೆನಾ? ಬಾಳೆ ಎಲೆ ತುದಿಗೆ ಉಪ್ಪು, ಕೋಸಂಬರಿ, ಎರಡು ಪಲ್ಯ, ಗೊಜ್ಜು, ಎಲ್ಲ ಒಂದೊಂದು ಚಮಚ. ಅಲ್ಲಿ ಬಡಿಸೋರು ಒಬ್ರು ಇರ್ತಾರೆ, ಇಲ್ಲಿ ಇರ್ಲಿಲ್ಲ.

ಅಮ್ಮ ಬೇಳೆ ಬಾಯಿಗಿಟ್ಟು "ಹುಳಿ ಇದೆ, ಆದ್ರೆ ಹುಣಸೆದಲ್ಲ" ಅಂದ್ರು. ವಿನೆಗರ್, ಅಲ್ಲಿನ ಬೇಳೆಗೆ ಅದು ಬೀಳಲೇಬೇಕು. ಆ ಬೇಳೆ ಕಥೆ ಅವ್ರಿಗೆ ಮೌಲ್‌ಟಾಷೆ ಕಥೆಗಿಂತ ಹಿಡಿಸ್ತು. ಶ್ವಾಬಿಯನ್ ಆಲ್ಬ್ ಅಂತ ಆ ಕಡೆ ಗುಡ್ಡಸೀಮೆ, ಸುಣ್ಣಕಲ್ಲಿನ ಬಡ ಭೂಮಿ, ಹಿಂದೆ ಅಲ್ಲಿ ಮಸೂರ ಬೆಳೀತಿದ್ರು, ಕಳೆದ ಶತಮಾನದ ಮಧ್ಯದಲ್ಲಿ ಲಾಭ ಇಲ್ಲ ಅಂತ ಎಲ್ರೂ ಬಿಟ್ಟುಬಿಟ್ರು, ಬೀಜನೇ ಕಾಣೆಯಾಯ್ತು. 1980ರ ದಶಕದಲ್ಲಿ ಒಂದು ರೈತ ಕುಟುಂಬ ಬೇರೆ ತಳಿ ಇಟ್ಕೊಂಡು ಮತ್ತೆ ಬೆಳೆಯೋಕೆ ಶುರು ಮಾಡಿ, ಹಳೇ ತಳಿ ಹುಡುಕ್ತಾ ಇದ್ರೆ ಕೊನೆಗೆ 2006ರಲ್ಲಿ ಅದು ಸಿಕ್ಕಿದ್ದು ರಷ್ಯಾದಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನ ವಾವಿಲೋವ್ ಬೀಜ ಭಂಡಾರದಲ್ಲಿ. ಹಿಡಿಯಷ್ಟು ಬೀಜದಿಂದ ಹೆಚ್ಚಿಸಿ ಹೆಚ್ಚಿಸಿ ಈಗ ಆಲ್ಬ್-ಲೈಸಾ ಅಂತ ಮಾರ್ತಾರೆ. ಅಮ್ಮ ಇನ್ನೊಂದು ಚಮಚ ಹಾಕಿಸ್ಕೊಂಡ್ರು.

ಇಷ್ಟಾದ್ರೂ ಒಂದು ವಿಷಯ ಚುಚ್ತಾನೇ ಇತ್ತು. ಎದುರು ಮನೆ ಯಜಮಾನ್ರು ಏನೂ ತಿಂತಿರ್ಲಿಲ್ಲ. ಮೊದಲ ಸುತ್ತು ತಿಂದ್ರು, ಆಮೇಲೆ ಸೊಸೆ ಚಮಚ ತಂದಾಗೆಲ್ಲ ತಟ್ಟೆ ಮೇಲೆ ಅಂಗೈ ಮುಚ್ಚಿ "ಡಾಂಕೆ, ಡಾಂಕೆ", ಥ್ಯಾಂಕ್ಸ್, ಬೇಡ ಅಂತ. ಹೊಗಳ್ಲೂ ಇಲ್ಲ. ಶ್ವಾಬಿಯದಲ್ಲಿ ಒಂದು ಗಾದೆ ಇದೆ, ಬೈದಿಲ್ಲ ಅಂದ್ರೆ ಹೊಗಳಿದ ಹಾಗೇ ಅಂತ, ಹಾಗಾಗಿ ಮೌನಕ್ಕೆ ನಾವು ಹೆದರ್ಲಿಲ್ಲ, ಆದ್ರೆ ಖಾಲಿ ಹೊಟ್ಟೇಲಿ ಕೂತಿದಾರಲ್ಲ ಅಂತ ಸಂಕಟ. ಅಮ್ಮನಂತೂ "ಅವ್ರಿಗೆ ಇಷ್ಟ ಆಗ್ಲಿಲ್ಲ ಕಣೋ, ಇನ್ನೇನಾದ್ರೂ ಹೇಳೋ" ಅಂತ ಮೂರು ಸಲ. ನಾವು ಉಪಚಾರ ಜಾಸ್ತಿ ಮಾಡಿದಷ್ಟೂ ಅವ್ರು ಇನ್ನೂ ಮುದುಡಿ ಕೂತ್ರು.

ಬಿಲ್ಲು

ಎಂಟಕ್ಕೆ ಹತ್ತು ನಿಮಿಷ ಇದ್ದಾಗ ಹುಡುಗಿ ಬಂದು ಜರ್ಮನಿಯ ಮಾಮೂಲಿ ಪ್ರಶ್ನೆ ಕೇಳಿದ್ಲು, ಟ್ಸುಝಾಮೆನ್ ಓಡರ್ ಗೆಟ್ರೆಂಟ್, ಒಟ್ಟಿಗಾ ಬೇರೆಬೇರೆನಾ? ನನ್ನ ಸ್ನೇಹಿತ ಒಟ್ಟಿಗೆ ಅಂದ. ಅದೇ ಉಸಿರಲ್ಲಿ ಯಜಮಾನ್ರು ಗೆಟ್ರೆಂಟ್ ಅಂದ್ರು, ತಮ್ಮ ಗ್ಲಾಸಿನ ಕೆಳಗಿದ್ದ ರಟ್ಟಿನ ಬಿಯರ್ ಮ್ಯಾಟ್ ತೆಗೆದು ತಿರುಗಿಸಿ ಇಟ್ರು. ಪೆನ್ಸಿಲ್‌ನಲ್ಲಿ ಅಚ್ಚುಕಟ್ಟಾಗಿ ಬರ್ಕೊಂಡಿದ್ರು: ಇವ್ರದ್ದು ಮೌಲ್‌ಟಾಷೆ 8.50, ಬೇಳೆ 7.50, ಹೆಂಡ್ತೀದು ಎರಡು ತಟ್ಟೆ 9 ಮತ್ತು 6.50, ಟ್ರಾಲಿಂಗರ್ ವೈನ್ ಎರಡು ಗ್ಲಾಸು 13, ಆ್ಯಪಲ್ ಷೋರ್ಲೆ (ಸೋಡಾ ಬೆರೆಸಿದ ಆ್ಯಪಲ್ ಜ್ಯೂಸ್) 4.50. ಕೆಳಗೆ ಗೆರೆ ಎಳೆದು 49.

ಅದನ್ನ ನೋಡಿ ಸೊಸೆ ಬಾಯಿ ಮುಚ್ಕೊಂಡ್ಲು. ಆಯಪ್ಪ ಇಷ್ಟು ಹೊತ್ತು ಊಟ ಇಷ್ಟ ಇಲ್ಲದೆ ಕೂತಿರ್ಲಿಲ್ಲ, ಲೆಕ್ಕ ಇಡ್ತಾ ಕೂತಿದ್ರು! ತಮ್ಮದಲ್ಲದ ತಟ್ಟೆಯಿಂದ ಒಂದು ಚಮಚ ಹಾಕಿಸ್ಕೊಂಡ್ರೆ ಅದನ್ನ ಯಾರ ಲೆಕ್ಕಕ್ಕೆ ಬರಿಯೋದು ಅಂತ ಗೊತ್ತಾಗದೆ ಅಂಗೈ ಮುಚ್ಚಿದ್ದು. ನಮ್ಮಲ್ಲಿ ಊಟಕ್ಕೆ ಹೋಗೋಣ ಬನ್ನಿ ಅಂತ ಕರೆದೋನೇ ದುಡ್ಡು ಕೊಡೋದು, ಅದನ್ನ ಬಾಯ್ಬಿಟ್ಟು ಹೇಳಿದ್ರೆ ಅವಮಾನ. ಅಲ್ಲಿ ಹೋಗೋಣ್ವಾ ಅಂದ್ರೆ ಬರೀ ಹೋಗೋಣ್ವಾ ಅಷ್ಟೇ, ನಿಮ್ಮದು ನೀವು ನಮ್ಮದು ನಾವು. ನಾವು ಕೊಡ್ತೀವಿ ಅನ್ನೋದಿದ್ರೆ ಅದಕ್ಕೆ ಬೇರೆ ಪದ ಇದೆ, ಐನ್‌ಲಾಡೆನ್, ಅದನ್ನ ಮೊದ್ಲೇ ಹೇಳ್ಬೇಕು. ದೊಡ್ಡ ತಟ್ಟೆ ಊಟ ಆಗಿದ್ರೆ ಈ ಗೊಂದಲ ಬಿಲ್ ಬಂದಾಗ ಎರಡು ನಿಮಿಷದ ಜಟಾಪಟಿ ಆಗಿ ಮುಗೀತಿತ್ತು, ಯಾಕಂದ್ರೆ ಹೊಟ್ಟೆಗೆ ಅಷ್ಟರಲ್ಲಿ ಹೋಗಿರ್ತಿತ್ತು. ಚಿಕ್ಕ ತಟ್ಟೇಲಿ ಯಾರ್ದು ಯಾವ್ದು ಅನ್ನೋದೇ ಇಲ್ಲದೆ ಇರೋದ್ರಿಂದ ಆ ಒಂದು ಪದ ಊಟದ ಮಧ್ಯಕ್ಕೇ ಬಂದು ಕೂತ್ಬಿಡ್ತು. ಒಟ್ಟು ಬಿಲ್ 207 ಯೂರೋ. ಆ ವರ್ಷ ಜನವರೀಲಿ ಹೋಟೆಲ್ ಊಟದ ತೆರಿಗೆ 7ರಿಂದ ವಾಪಸ್ 19 ಪರ್ಸೆಂಟ್‌ಗೆ ಏರಿತ್ತು, ಚಿಕ್ಕ ತಟ್ಟೆ ಚೀಪು ಅಂದ್ಕೊಂಡು ಹೋದೋರು ಹದಿನೇಳು ತಟ್ಟೆ ಕೂಡಿಸಿ ನೋಡ್ಬೇಕು.

ಸ್ನೇಹಿತ ದುಡ್ಡು ಕೊಡೋಕೆ ಹೋದ, ಯಜಮಾನ್ರು ಐವತ್ತರ ನೋಟು ಹಿಡ್ಕೊಂಡು ಕೂತ್ರು, ಕೊನೆಗೆ ಅಪ್ಪ ಎದ್ದು ಹೋಗಿ ಆ ಬಿಯರ್ ಮ್ಯಾಟ್ ತಗೊಂಡು ತಮ್ಮ ಷರ್ಟ್ ಜೇಬಿಗೆ ಇಟ್ಕೊಂಡ್ರು. ಲೆಕ್ಕದ ಚೀಟಿನೇ ಇಲ್ಲ ಅಂದ್ಮೇಲೆ ಏನ್ ಕೊಡೋದು? ಎಲ್ರೂ ನಕ್ಕು ಎದ್ವಿ. ಆದ್ರೆ ಆಯಪ್ಪ ಅವತ್ತು ಮನೆಗೆ ಹೋಗಿ ಬ್ರೆಡ್ ತಿಂದ್ರಂತೆ, ಆಯಮ್ಮ ಆಮೇಲೆ ಹೇಳಿದ್ರು.

ಎರಡನೇ ಸಲ

ನವೆಂಬರ್ ಕೊನೇಲಿ ಅದೇ ಜಾಗಕ್ಕೆ ಮತ್ತೆ ಹೋದ್ವಿ. ಅಪ್ಪನೇ ಹಠ ಹಿಡಿದಿದ್ದು. ಈ ಸಲ ಮೆಟ್ಟಿಲ ಮೇಲೆ ಸ್ನೇಹಿತ ಐನ್‌ಲಾಡೆನ್ ಅನ್ನೋ ಪದನ ಎರಡು ಸಲ ಹೇಳ್ದ. ಎಲ್ಲ ತಟ್ಟೆನೂ ಎರಡು ಸುತ್ತಲ್ಲಿ ಒಟ್ಟಿಗೆ ತನ್ನಿ ಅಂತ ಬುಕ್ಕಿಂಗ್‌ನಲ್ಲೇ ಕೇಳಿದ್ವಿ, ಆಗಲ್ಲ ಅಂತಾರೇನೋ ಅಂದ್ಕೊಂಡಿದ್ದೆ, ಖುಷಿಯಾಗಿ ಒಪ್ಪಿದ್ರು. ಸೊಸೆ ಚಮಚ ಹಿಡಿದು ಎದ್ದ ಕೂಡ್ಲೇ ಬಡಿಸೋ ಹುಡುಗಿಗೆ ನೆನಪಾಗಿ ನಕ್ಳು. ಯಜಮಾನ್ರು ರೋಸ್ಟು, ಬೋಟಿ, ಮೌಲ್‌ಟಾಷೆ ಮೂರು, ಒಂದನ್ನೂ ಬಿಡ್ಲಿಲ್ಲ. ಕೊನೆಗೆ ಬಾಯಿ ಒರೆಸ್ಕೊಂಡು "ದೆಸ್ ಕಾ ಮರ್ ಎಸ್ಸಾ" ಅಂದ್ರು, ಇದನ್ನ ತಿನ್ಬಹುದು ಅಂತ. ಆ ಸೀಮೇಲಿ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಕೊಡಲ್ಲ.

ಅಮ್ಮ ಅವತ್ತು ಜಾಸ್ತಿ ನೋಡಿದ್ದು ತಿನ್ನೋದನ್ನಲ್ಲ, ಕೌಂಟರ್ ಹಿಂದೆ ಷ್ಪೆಟ್ಸ್‌ಲೆ ಒತ್ತೋದನ್ನ. ಉದ್ದ ಹಿಡಿಯ ಒರಳು, ಕೆಳಗೆ ತೂತು, ಕುದಿಯೋ ನೀರಿಗೆ ಒತ್ತೋದು. ನಮ್ಮ ಶಾವಿಗೆ ಒರಳೇ ಅಲ್ವಾ ಅದು ಅಂದ್ರು. ಮಾರನೇ ದಿನ ಆಯಮ್ಮ ತಮ್ಮ ಮನೆ ಒರಳು ತಂದು ಕೊಟ್ರು. ಅಕ್ಕಿ ಹಿಟ್ಟು ಹಾಕಿ ಒತ್ತಿದ್ರೆ ಶಾವಿಗೆ ಬರ್ಲಿಲ್ಲ, ತೂತು ದಪ್ಪ, ಮುದ್ದೆ ಮುದ್ದೆಯಾಗಿ ಬಿತ್ತು. ಅಮ್ಮ ಬಿಡೋರಲ್ಲ, ಕಡ್ಲೆ ಹಿಟ್ಟು ಕಲ್ಸಿ, ಖಾರದ ಪುಡಿ ಕಾಲು ಚಮಚಕ್ಕೆ ಇಳಿಸಿ, ಎಣ್ಣೆಗೇ ಒತ್ತಿ ಖಾರಸೇವೆ ಮಾಡಿ ಒಂದು ಡಬ್ಬಿ ಎದುರು ಮನೆಗೆ ಕಳಿಸಿದ್ರು. ಡಬ್ಬಿ ವಾಪಸ್ ಬಂದಿದ್ದು ಖಾಲಿಯಾಗಿ, ಒಳಗೆ ಒಂದು ಬಿಯರ್ ಮ್ಯಾಟು, ಅದ್ರ ಮೇಲೆ ಪೆನ್ಸಿಲ್‌ನಲ್ಲಿ ಒಂದೇ ಒಂದು ಗೆರೆ.